ಮಾಡುವ ದಂಡೆ, ನೋಡುವ ದಂಡೆ

ಬನದ ಹುಣ್ಣಿಮೆಯ ಹೊತ್ತಿನಲ್ಲಿ ಚೊಳಚಗುಡ್ಡದ ದಾರಿ ಹಿಡಿದವರನ್ನು ‘ಎಲ್ಲಿಗೆ ಹೊಂಟೀರಿ’ ಎಂದು ಕೇಳಿದರೆ ‘ಜಾತ್ರಿ ಮಾಡಾಕ’ ಎಂಬ ಉತ್ತರ ಬರುತ್ತದೆ. ಅದೇ ಜನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಆಲಮಟ್ಟಿಗೆ ಹೊರಟಾಗ ‘ಗಾರ್ಡನ್ ನೋಡಾಕ’ ಎನ್ನುತ್ತಾರೆ. ಎರಡೂ ನೀರಿನ ದಂಡೆಗಳೇ. ಎರಡೂ ಕಡೆ ಬುತ್ತಿ ಬಿಚ್ಚುತ್ತಾರೆ, ಮಕ್ಕಳು ಓಡಾಡುತ್ತವೆ, ಸಂಜೆಯ ಹೊತ್ತಿಗೆ ಕಾಲು ಸೋಲುತ್ತದೆ. ಆದರೂ ಒಂದನ್ನು ಮಾಡುತ್ತಾರೆ, ಇನ್ನೊಂದನ್ನು ನೋಡುತ್ತಾರೆ. ಈ ಎರಡು ಕ್ರಿಯಾಪದಗಳ ನಡುವಿನ ಅಂತರವನ್ನು ನಮ್ಮ ವಿಮರ್ಶೆ ಅಷ್ಟಾಗಿ ಗಮನಿಸಿಲ್ಲ. ಕನ್ನಡದಲ್ಲಿ ಸ್ಥಳಗಳ ಬಗ್ಗೆ ಬರೆದದ್ದು ಕಡಿಮೆಯೇನಲ್ಲ. ಆದರೆ ಅದರಲ್ಲಿ ಹೆಚ್ಚಿನದು ನೋಡುವವರ ಬರವಣಿಗೆ. ಮಾಡುವವರ ದಂಡೆ ಅದರಲ್ಲಿ ಹಿನ್ನೆಲೆಯಾಗಿ ಬಂದುಹೋಗುತ್ತದೆ. ಬಾದಾಮಿಯ ಸುತ್ತಲಿನ ಮೂರು ದಂಡೆಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸಬಹುದು.

ಮೊದಲನೆಯದು ಬನಶಂಕರಿಯ ಹೊಂಡ. ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ, ಚೊಳಚಗುಡ್ಡದ ಸೀಮೆಯಲ್ಲಿ, ಗುಡಿಯ ಎದುರಿಗೇ 360 ಅಡಿ ಚೌಕದ ಕಲ್ಲಿನ ಕೊಳವಿದೆ. ಹರಿದ್ರಾ ತೀರ್ಥ ಎಂದು ಹೆಸರು. ಹರಿಶ್ಚಂದ್ರ ತೀರ್ಥ ಎಂಬುದು ಬಾಯಲ್ಲಿ ಸವೆದು ಹೀಗಾಯಿತು ಎನ್ನುವವರೂ ಇದ್ದಾರೆ. ಮೂರು ಬದಿಗೆ ಕಲ್ಲಿನ ಮಂಟಪಗಳ ಸಾಲು, ದಂಡೆಯ ಮೇಲೆ ಎತ್ತರದ ದೀಪಸ್ತಂಭಗಳು. ದೇವಿಯ ನೆಲೆ ಚಾಲುಕ್ಯರ ಕಾಲದಷ್ಟು ಹಳೆಯದು. ಈಗಿನ ಕಟ್ಟಡ ಬಹುಮಟ್ಟಿಗೆ 18ನೆಯ ಶತಮಾನದ ಮರಾಠಾ ಸರದಾರರ ಕಾಲದ್ದು. ಹೀಗೆ ಒಂದೇ ದಂಡೆಯ ಮೇಲೆ ಹಲವು ರಾಜ್ಯಗಳು ಬಂದು ಕಲ್ಲು ಸೇರಿಸಿ ಹೋಗಿವೆ. ಯಾವ ಪದರು ಯಾರದು ಎಂದು ಬಿಡಿಸಿ ಹೇಳುವ ಫಲಕ ಓದದೆಯೂ ಜನ ನಾಲ್ಕೂ ಕಡೆಯಿಂದ ಬರುತ್ತಾರೆ, ಮೆಟ್ಟಿಲಿಳಿದು ಕೈಕಾಲು ತೊಳೆಯುತ್ತಾರೆ, ಮಂಟಪದ ನೆರಳಿನಲ್ಲಿ ಮಲಗುತ್ತಾರೆ.

ಪುಷ್ಯ ಮಾಸದ ಹುಣ್ಣಿಮೆಗೆ ಇಲ್ಲಿ ತೇರು ಎಳೆಯುತ್ತಾರೆ. ತೇರಿನ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರಬೇಕು. ಅಂದರೆ ಉತ್ಸವದ ಒಂದು ತುದಿಯನ್ನು ಇನ್ನೊಂದು ಊರು ಹಿಡಿದಿದೆ. ತೇರಿಗೆ ಮುನ್ನ ಪಲ್ಲೇದ ಹಬ್ಬ: ಬನಶಂಕರಿ ಶಾಕಂಬರಿಯೂ ಹೌದಾದ್ದರಿಂದ ನೂರೆಂಟು ಬಗೆಯ ಕಾಯಿಪಲ್ಲೆಗಳ ನೈವೇದ್ಯ ಆಗಬೇಕು. ತೇರು ಎಳೆದ ಮೇಲೂ ಜಾತ್ರೆ ಮುಗಿಯುವುದಿಲ್ಲ, ತಿಂಗಳುಗಟ್ಟಲೆ ನಡೆಯುತ್ತದೆ. ಹೊಸ ಮನೆ ಕಟ್ಟುವವರು ಕಟ್ಟಿಗೆಯ ಬಾಗಿಲು, ಚೌಕಟ್ಟುಗಳನ್ನು ಕೊಳ್ಳಲು ಈ ಜಾತ್ರೆಗೆ ಕಾಯುತ್ತಾರೆ. ಗುಡಿಯ ಆವರಣದಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಜೋಳದ ರೊಟ್ಟಿ, ಕಾಳುಪಲ್ಲೆ, ಕೆಂಪು ಚಟ್ನಿ, ಮೊಸರು ಬಡಿಸುತ್ತಾರೆ. ಜಾತ್ರೆ ಇಲ್ಲದ ದಿನಗಳಲ್ಲೂ ಈ ಬುತ್ತಿ ಸಿಗುತ್ತದೆ. ಪ್ರವಾಸಿಗನಿಗೆ ಅದು ‘ಸ್ಥಳೀಯ ರುಚಿ’, ಮಾರುವವಳಿಗೆ ಅದು ಬೆಳಗಿನ ಜಾವ ಬಡಿದ ರೊಟ್ಟಿಯ ಲೆಕ್ಕ. ಒಂದೇ ಮೆಟ್ಟಿಲ ಮೇಲೆ ಹರಕೆ, ವ್ಯಾಪಾರ, ವಿರಾಮ ಮೂರೂ ಕೂತಿರುತ್ತವೆ. ಇವುಗಳನ್ನು ಬೇರೆಬೇರೆ ಮಾಡಿ ಇದು ಪೂಜೆಯ ಜಾಗ, ಇದು ತಿನ್ನುವ ಜಾಗ, ಇದು ಆಡುವ ಜಾಗ ಎಂದು ಗೆರೆ ಹಾಕುವುದು ಆಮೇಲಿನ ಯೋಜನೆಗಳ ಕೆಲಸ.

ಈ ಹೊಂಡದ ಒಂದು ಆಚರಣೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಬೇರೆ ಕಣ್ಣಿನಿಂದ ನೋಡಬೇಕು. ಬಾಳೆದಿಂಡಿನ ತೆಪ್ಪ ಕಟ್ಟಿ ಅದರ ಮೇಲೆ ಹರಕೆಯ ಕೂಸನ್ನು ಮಲಗಿಸಿ ನೀರಿನ ಮೇಲೆ ತೇಲಿಸಿಕೊಂಡು ಹೋಗುತ್ತಾರೆ. ತಾಯಿ ದಂಡೆಯ ಮೇಲೆ ನಿಂತಿರುತ್ತಾಳೆ. ಸುತ್ತು ಹಾಕಿ ಬಂದ ಕೂಸನ್ನು ಮತ್ತೆ ಮಡಿಲಿಗೆ ತೆಗೆದುಕೊಳ್ಳುತ್ತಾಳೆ. ಇದನ್ನು ನೋಡುವ ಹೊತ್ತಿಗೆ ಉತ್ತರ ಕರ್ನಾಟಕದ ‘ಕೆರೆಗೆ ಹಾರ’ ಕಥನಗೀತೆ ನೆನಪಾಗದೆ ಇರುವುದಿಲ್ಲ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬರುವುದಿಲ್ಲ. ಶಾಸ್ತ್ರ ಕೇಳಿದರೆ ಸೊಸೆಯನ್ನು ಕೊಡಬೇಕೆಂಬ ಮಾತು ಬರುತ್ತದೆ. ಕಿರಿಯ ಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ದಂಡೆಯ ಮೇಲೆ ಪೂಜೆ, ಊಟ ಎಲ್ಲ ಮುಗಿದ ಮೇಲೆ ಬಂಗಾರದ ಬಟ್ಟಲು ಮರೆತು ಬಂದೆವೆಂಬ ನೆಪ ಹುಟ್ಟುತ್ತದೆ. ತರಲು ಹೋದವಳು ಒಂದೊಂದೇ ಮೆಟ್ಟಿಲು ಏರುತ್ತಾಳೆ, ನೀರೂ ಅವಳೊಡನೆ ಪಾದದಿಂದ ಮೊಳಕಾಲಿಗೆ, ನಡುವಿಗೆ, ಎದೆಗೆ ಏರುತ್ತದೆ.

ಆ ಗೀತೆಯನ್ನು ನಾವು ತ್ಯಾಗದ ಕಥೆಯೆಂದೋ, ಕೌಟುಂಬಿಕ ಕ್ರೌರ್ಯದ ಕಥೆಯೆಂದೋ ಓದುತ್ತ ಬಂದಿದ್ದೇವೆ. ಎರಡೂ ಓದು ಸರಿಯೇ. ಆದರೆ ಅದು ದಂಡೆಯ ಕಥೆಯೂ ಹೌದು. ಅಲ್ಲಿ ದಂಡೆಯ ಊಟವೇ, ಅಂದರೆ ನಾವು ಇಂದು ವಿಹಾರ ಎನ್ನುವುದೇ, ಬಲಿಯ ಭಾಗವಾಗಿದೆ. ಉಂಡು ಎದ್ದವರು ಮನೆಗೆ ಹೋಗುತ್ತಾರೆ, ಒಬ್ಬಳು ಉಳಿಯುತ್ತಾಳೆ. ನೀರು ಸುಮ್ಮನೆ ಬರುವುದಿಲ್ಲ, ಅದರ ಬೆಲೆಯನ್ನು ಮನೆಯಲ್ಲಿ ಮಾತಿಲ್ಲದವರು ತೆರುತ್ತಾರೆ ಎಂಬ ಅರಿವು ಈ ಹಾಡಿನ ಬೆನ್ನೆಲುಬು. ಬನಶಂಕರಿಯ ತೆಪ್ಪದಲ್ಲಿ ಅದೇ ಅರಿವು ತಿರುವು ಪಡೆದಿದೆ. ಕೂಸನ್ನು ನೀರಿಗೆ ಒಪ್ಪಿಸುವ ಭಂಗಿ ಹಾಗೇ ಇದೆ, ಆದರೆ ನೀರು ಅದನ್ನು ಮರಳಿ ಕೊಡುತ್ತದೆ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ, ಹಾಗೆ ಹೇಳುವ ಅಗತ್ಯವೂ ಇಲ್ಲ. ಒಂದೇ ಒಣಸೀಮೆಯ ಜನ ನೀರಿನ ಬಗ್ಗೆ ಇಟ್ಟುಕೊಂಡ ಭಯ ಮತ್ತು ಭರವಸೆ ಹಾಡಿನಲ್ಲಿ ಒಂದು ರೂಪ, ಆಚರಣೆಯಲ್ಲಿ ಇನ್ನೊಂದು ರೂಪ ತಾಳಿವೆ ಎಂದರೆ ಸಾಕು. ಮಳೆ ಕೈಕೊಟ್ಟ ವರ್ಷ ಹೊಂಡದ ತಳ ಕಾಣುವ ಸೀಮೆಯಿದು. ಇಲ್ಲಿ ತುಂಬಿದ ಹೊಂಡವನ್ನು ಸುಮ್ಮನೆ ದೃಶ್ಯವಾಗಿ ನೋಡುವುದು ಯಾರಿಗೂ ಸುಲಭವಲ್ಲ.

ಎರಡನೆಯ ದಂಡೆ ಬಾದಾಮಿಯ ಅಗಸ್ತ್ಯ ತೀರ್ಥ. ಎರಡು ಕೆಂಪು ಬಂಡೆಗುಡ್ಡಗಳ ನಡುವೆ, ಪಶ್ಚಿಮಕ್ಕೆ ಏರಿ ಕಟ್ಟಿ ನಿಲ್ಲಿಸಿದ ಕೆರೆ. ದಕ್ಷಿಣದ ಗುಡ್ಡದಲ್ಲಿ ನಾಲ್ಕು ಗುಹಾಲಯಗಳು, ಉತ್ತರದ ಗುಡ್ಡದಲ್ಲಿ ಕೋಟೆ, ಶಿವಾಲಯಗಳು, ಬುಡದಲ್ಲಿ ವಸ್ತುಸಂಗ್ರಹಾಲಯ, ಪೂರ್ವದ ಅಂಚಿನಲ್ಲಿ ನೀರಿಗೆ ತಾಗಿದ ಭೂತನಾಥ ಗುಡಿ. ಜೋರು ಮಳೆ ಬಿದ್ದ ದಿನ ಬಂಡೆಯ ನೆತ್ತಿಯಿಂದ ಅಕ್ಕ ತಂಗಿ ಜಲಪಾತಗಳು ಧುಮುಕುತ್ತವೆ. ಪ್ರಕೃತಿ, ಇತಿಹಾಸ, ವಿಹಾರ ಮೂರನ್ನೂ ಒಂದೇ ಅಂಗಳದಲ್ಲಿ ಜೋಡಿಸಿಟ್ಟಂತಹ ಇನ್ನೊಂದು ಊರದಂಡೆ ಕರ್ನಾಟಕದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಇದು ಬರವಣಿಗೆಯ ದಂಡೆಯೂ ಹೌದು. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಈ ಗುಡ್ಡವನ್ನು ಕೋಟೆಯಾಗಿಸಿದ್ದನ್ನು ಹೇಳುವ ಸಂಸ್ಕೃತ ಶಾಸನ ಉತ್ತರದ ಬಂಡೆಯ ಮೇಲಿದೆ. ಮೂರನೆಯ ಗುಹಾಲಯದಲ್ಲಿ 578ರ ಮಂಗಳೇಶನ ಶಾಸನವಿದೆ. ಅಲ್ಲಿಯೇ ಅವನ ಕಾಲದ ಕನ್ನಡ ಶಾಸನ ಆ ಗುಹೆಯನ್ನು ‘ಕಲ್ಮನೆ’ ಎಂದು ಕರೆಯುತ್ತದೆ. ಗುಹಾಲಯ, ಶಿಲಾದೇವಾಲಯ ಎಂಬ ನಮ್ಮ ಭಾರದ ಮಾತುಗಳ ಮುಂದೆ ಆ ಪದ ಎಷ್ಟು ಹಗುರ, ಎಷ್ಟು ನಿಖರ! ಕಡೆದವರಿಗೆ ಅದು ಕಲ್ಲಿನ ಮನೆ. ಮನೆಯೆಂದರೆ ಇರುವ ಜಾಗ, ನೋಡುವ ಜಾಗ ಆಮೇಲೆ. ಕೆರೆಯ ಈಶಾನ್ಯಕ್ಕೆ ತಟ್ಟುಕೋಟೆಯ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. 700ರ ಸುಮಾರಿನದು, ಹತ್ತು ಸಾಲಿನದು. ಒಂದು ಸಂಸ್ಕೃತ ಶ್ಲೋಕ ಬಿಟ್ಟರೆ ಅದರ ಪದ್ಯಗಳು ತ್ರಿಪದಿಗಳು. ಕನ್ನಡ ಛಂದಸ್ಸಿನ ಚರಿತ್ರೆಯನ್ನು ಅದನ್ನು ಬಿಟ್ಟು ಬರೆಯಲಾಗದು.

ಈ ಶಾಸನವನ್ನು ನಾವು ಓದುವ ರೀತಿಯನ್ನು ಗಮನಿಸಿ. ಎಂ.ಎ. ತರಗತಿಯಲ್ಲಿ ಅದು ತ್ರಿಪದಿಯ ಮೊದಲ ಮಾದರಿ. ಅಂಶಗಣ ಹಾಕಿ, ಪ್ರಾಸ ಗುರುತಿಸಿ, ಹಳಗನ್ನಡದ ರೂಪಗಳನ್ನು ಪಟ್ಟಿ ಮಾಡಿ ಮುಂದಕ್ಕೆ ಹೋಗುತ್ತೇವೆ. ಪಠ್ಯದಲ್ಲಿ ಬಂಡೆ ಇರುವುದಿಲ್ಲ, ಕೆರೆ ಇರುವುದಿಲ್ಲ. ಇತ್ತ ಪ್ರವಾಸಿ ಕೆರೆಯ ಸುತ್ತ ತಿರುಗುತ್ತಾನೆ. ಗುಹೆ ಏರುತ್ತಾನೆ, ನಟರಾಜನ ಕೈ ಎಣಿಸುತ್ತಾನೆ, ಭೂತನಾಥನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾನೆ. ಶಾಸನದ ಬಂಡೆಯವರೆಗೆ ಹೋಗುವವರು ಕಡಿಮೆ, ಹೋದರೂ ಓದಿಸುವವರಿಲ್ಲ. ಒಬ್ಬನಿಗೆ ದಂಡೆಯಿಲ್ಲದ ಪದ್ಯ, ಇನ್ನೊಬ್ಬನಿಗೆ ಪದ್ಯವಿಲ್ಲದ ದಂಡೆ. ಇಬ್ಬರೂ ಅರ್ಧಕ್ಕೇ ನಿಂತರು.

ಪದ್ಯವನ್ನು ದಂಡೆಗೆ ಮರಳಿಸಿದರೆ ಏನಾಗುತ್ತದೆ? ಒಳ್ಳೆಯವರೊಡನೆ ಒಳ್ಳೆಯವನಾಗಿ, ಕೆಣಕಿದವರಿಗೆ ಕೇಡಾಗಿ ನಿಂತ ಒಬ್ಬ ಗಟ್ಟಿಗನ ಗುಣಗಾನ ಅದು. ಅವನು ಅರಸನೆಂದು ಶಾಸನ ಹೇಳುವುದಿಲ್ಲ. ಅರಸರು ಕೋಟೆ ಕಟ್ಟಿದ್ದನ್ನು, ಗುಡಿಗೆ ಊರು ಕೊಟ್ಟದ್ದನ್ನು ಬರೆಸಿದ ಅದೇ ಬಂಡೆಗಳ ಸಾಲಿನಲ್ಲಿ, ದಾನವನ್ನೂ ವಿಜಯವನ್ನೂ ದಾಖಲಿಸದೆ ಒಬ್ಬ ಮನುಷ್ಯನ ಸ್ವಭಾವವನ್ನು ಮಾತ್ರ ಕಡೆದಿಟ್ಟಿದ್ದಾರೆ. ಅದಕ್ಕೆ ಬಳಸಿದ ಮಟ್ಟು ಮುಂದೆ ಬೀಸುವ ಕಲ್ಲಿನ ಹಾಡುಗಳ ಮಟ್ಟಾಯಿತು, ಸರ್ವಜ್ಞನ ಮಟ್ಟಾಯಿತು. ಕೆರೆಯ ಪಶ್ಚಿಮದ ಮೆಟ್ಟಿಲುಗಳ ಮೇಲೆ ಇಂದಿಗೂ ಹೆಂಗಸರು ಬಟ್ಟೆ ಒಗೆಯುತ್ತಾರೆ, ಬಡಿಯುವ ಸದ್ದು ಎರಡೂ ಗುಡ್ಡಕ್ಕೆ ತಾಗಿ ಮರಳುತ್ತದೆ. ಬಂಡೆಯ ಪದ್ಯಕ್ಕೂ ಮೆಟ್ಟಿಲ ಮೇಲಿನ ದುಡಿಮೆಗೂ ನೇರ ಸಂಬಂಧ ಕಟ್ಟುವುದು ಭಾವುಕತೆಯಾದೀತು. ಆದರೆ ಹೆಣ್ಣುಮಕ್ಕಳ ದುಡಿಮೆಯ ಹಾಡಿನಲ್ಲಿ ಉಳಿದ ಒಂದು ಛಂದಸ್ಸಿನ ಹಳೆಯ ಗುರುತು, ಹೆಣ್ಣುಮಕ್ಕಳು ಈಗಲೂ ದುಡಿಯುವ ಒಂದು ದಂಡೆಯ ಮೇಲಿದೆ ಎಂಬುದನ್ನು ಛಂದಸ್ಸಿನ ಪಾಠ ಒಮ್ಮೆಯಾದರೂ ಹೇಳಬೇಡವೇ? ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸುವ ಕಿಸುವೊಳಲು, ಅಂದರೆ ಪಟ್ಟದಕಲ್ಲು, ಇಲ್ಲಿಂದ ದೂರವಿಲ್ಲ. ಅದೂ ಮಲಪ್ರಭೆಯ ದಂಡೆಯೇ. ಕನ್ನಡ ತನ್ನ ತಿರುಳನ್ನು ಗುರುತಿಸಿಕೊಂಡದ್ದು ಇಂಥ ನೀರಿನ ಊರುಗಳ ಲೆಕ್ಕದಲ್ಲಿ.

ಇಲ್ಲಿ ನಮ್ಮ ಪ್ರವಾಸ ಸಾಹಿತ್ಯದ ಮೇಲೊಂದು ಮಾತು ಹೇಳಬೇಕು. ವಿ.ಸೀ. ಅವರ ‘ಪಂಪಾಯಾತ್ರೆ’ ಹಂಪಿಯನ್ನು ಕುರಿತ ಹಿರಿಯ ಕೃತಿ. ಅಲ್ಲಿ ಹಾಳು ಬಿದ್ದ ನಗರದೆದುರು ನಿಂತ ಮನಸ್ಸಿನ ಅಳಲು ನಿಜವಾದದ್ದು, ಅದು ಸಂಪಾದಿಸಿಕೊಂಡ ಅಳಲು. ಆಮೇಲೆ ಬಂದ ಬಹುಪಾಲು ಸ್ಥಳಬರಹ ಆ ನಿಲುವನ್ನು ಉಳಿಸಿಕೊಂಡಿತು, ಅಳಲನ್ನು ಬಿಟ್ಟಿತು. ಬರೆಯುವವನು ಮೇಲೆ ನಿಲ್ಲುತ್ತಾನೆ, ಕೆಳಗೆ ವೈಭವ ಹಬ್ಬಿರುತ್ತದೆ. ಬಾದಾಮಿಯ ವಿಷಯದಲ್ಲಿ ಇದು ಅಕ್ಷರಶಃ ನಿಜ. ಕೆರೆಯ ವರ್ಣನೆ ಹೆಚ್ಚಾಗಿ ಗುಹೆಯ ಎತ್ತರದಿಂದ ಬರುತ್ತದೆ. ಅಲ್ಲಿಂದ ನೀರು ಹಸಿರು ಕನ್ನಡಿ, ಊರು ಬಿಳಿ ಪೆಟ್ಟಿಗೆಗಳ ರಾಶಿ, ಬಟ್ಟೆ ಒಗೆಯುವವರು ಬಣ್ಣದ ಚುಕ್ಕೆಗಳು. ಕೆಲವರು ಆ ಚುಕ್ಕೆಗಳನ್ನು ಮೆಚ್ಚುತ್ತಾರೆ, ಕೆಲವರು ಸಾಬೂನಿನ ನೊರೆ ಕಂಡು ಸಿಡುಕುತ್ತಾರೆ. ನೊರೆಯ ಬಗ್ಗೆ ಸಿಡುಕಲು ಕಾರಣವಿದೆ, ನಿಂತ ನೀರು ಅದನ್ನೆಲ್ಲ ಅರಗಿಸಿಕೊಳ್ಳಲಾರದು. ಆದರೆ ಮನೆಯ ನಲ್ಲಿಯಲ್ಲಿ ನೀರು ಬರುವ ದಿನ ಯಾವುದು, ಬಟ್ಟೆಗಂಟನ್ನು ಹೊತ್ತು ಇಷ್ಟು ದೂರ ಏಕೆ ಬರುತ್ತಾರೆ ಎಂಬ ಪ್ರಶ್ನೆ ಮೆಚ್ಚುವವರ ಬರಹದಲ್ಲೂ ಇಲ್ಲ, ಸಿಡುಕುವವರ ಬರಹದಲ್ಲೂ ಇಲ್ಲ. ಇಬ್ಬರೂ ಮೆಟ್ಟಿಲಿಗೆ ಇಳಿದಿಲ್ಲ.

ಮತ್ತೆ ಚೊಳಚಗುಡ್ಡಕ್ಕೆ ಬರೋಣ, ಏಕೆಂದರೆ ವಿಮರ್ಶೆ ಮೆಟ್ಟಿಲಿಗೆ ಇಳಿಯದ ಇನ್ನೊಂದು ನಿದರ್ಶನ ಅಲ್ಲಿದೆ. ಬನಶಂಕರಿ ಜಾತ್ರೆಯೆಂದರೆ ವೃತ್ತಿ ನಾಟಕ ಕಂಪನಿಗಳ ದೊಡ್ಡ ಸುಗ್ಗಿ. ತಗಡಿನ ಥಿಯೇಟರುಗಳು ಸಾಲಾಗಿ ಎದ್ದು ನಿಲ್ಲುತ್ತವೆ. ಮಧ್ಯರಾತ್ರಿ ದಾಟಿದ ಮೇಲೂ ಪ್ರದರ್ಶನ ನಡೆಯುತ್ತದೆ. ದೂರದ ಊರುಗಳಿಂದ ಬಂದವರಿಗೆ ರಾತ್ರಿ ಕಳೆಯಲು ನಾಟಕವೇ ಛತ್ರ. ದೇವಿಗೆ ಕೈಮುಗಿದು, ಬುತ್ತಿ ಉಂಡು, ಒಂದು ನಾಟಕ ಮುಗಿಸಿ ಇನ್ನೊಂದರ ಟಿಕೆಟು ತೆಗೆಸಿ, ಬೆಳಗಿನ ಬಸ್ಸಿಗೆ ಊರು ಸೇರುವುದು ಹಲವು ಮನೆತನಗಳ ವಾಡಿಕೆ. ಕೋವಿಡ್ ಕಾಲದಲ್ಲಿ ಜಾತ್ರೆ ನಿಂತಾಗ ಕಂಪನಿಗಳ ಇಡೀ ವರ್ಷದ ಲೆಕ್ಕವೇ ತಪ್ಪಿತು. ಈ ಹೊಂಡದ ದಂಡೆಗೆ ಅವು ಎಷ್ಟು ಕಟ್ಟುಬಿದ್ದಿವೆ ಎಂಬುದು ಆಗ ಎಲ್ಲರಿಗೂ ಕಂಡಿತು.

ಈ ಸೀಮೆಯೇ ಆ ರಂಗಭೂಮಿಗೆ ನಾಟಕಕಾರರನ್ನೂ ಕೊಟ್ಟಿದೆ. ಇಳಕಲ್ಲಿನ ಹತ್ತಿರದ ಕಂದಗಲ್ಲಿನ ಹನುಮಂತರಾಯರು (1896–1966) ‘ರಕ್ತರಾತ್ರಿ’ ಬರೆದವರು. ಕುರುಕ್ಷೇತ್ರದ ಕೊನೆಯ ರಾತ್ರಿಯ ಕಥೆ, ಶಕುನಿಯ ಮಾತುಗಳಿಂದಲೇ ಮನೆಮಾತಾದ ನಾಟಕ. ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಕಂಪನಿಗಳಲ್ಲಿ ಆಡಿ ಆಡಿ, 1974ರಲ್ಲಿ ರಾಜಕುಮಾರ್ ಅಭಿನಯದ ಸಿನಿಮಾ ಆಯಿತು. ಸಿನಿಮಾವನ್ನು ಬಲ್ಲವರು ನಾಡಿನ ತುಂಬ ಇದ್ದಾರೆ, ನಾಟಕಕಾರನ ಹೆಸರು ಬಲ್ಲವರು ಕಡಿಮೆ. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಆಧುನಿಕ ಕನ್ನಡ ನಾಟಕಕ್ಕೆ ಕೈಲಾಸಂ, ಶ್ರೀರಂಗ, ಕಾರ್ನಾಡ, ಕಂಬಾರರ ಸಾಲು ಸಿದ್ಧವಿದೆ. ಕಂಪನಿ ನಾಟಕಕಾರರಿಗೆ ಬಹಳವಾದರೆ ಒಂದು ಪ್ಯಾರಾ. ಜಾತ್ರೆಯಲ್ಲಿ ಆಡುವುದು ಜಾತ್ರೆಯ ಮಾಲು, ಅದನ್ನು ಸಾಹಿತ್ಯವಾಗಿ ಓದಬೇಕಿಲ್ಲ ಎಂಬ ತೀರ್ಮಾನ ಇದರ ಹಿಂದಿದೆ.

ಈ ತೀರ್ಮಾನಕ್ಕೆ ಕಂಪನಿಗಳೂ ಕಾರಣ ಒದಗಿಸಿವೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಇಂದಿನ ಹಲವು ನಾಟಕಗಳಲ್ಲಿ ಕಥೆ ತೆಳು, ದ್ವಂದ್ವಾರ್ಥ ದಪ್ಪ. ಹೆಣ್ಣನ್ನು ಹಂಗಿಸಿ ನಗಿಸುವ ಹಾಸ್ಯಕ್ಕೆ ಚಪ್ಪಾಳೆ ಹೆಚ್ಚು, ನಾಟಕದ ಹೆಸರೇ ಕೆಲವೊಮ್ಮೆ ಮನೆಮಂದಿಯ ಎದುರು ಉಚ್ಚರಿಸುವಂತಿರುವುದಿಲ್ಲ. ಪಕ್ಕದ ತಗಡಿನ ಶೆಡ್ಡಿನೊಡನೆ ಪೈಪೋಟಿ ಇದ್ದಾಗ ಕೂಗು ಏರುತ್ತದೆ, ಸೂಕ್ಷ್ಮ ಸಾಯುತ್ತದೆ. ಆದರೆ ಇದೇ ಪೈಪೋಟಿಯ ನಡುವೆ ‘ರಕ್ತರಾತ್ರಿ’ಯ ಉದ್ದುದ್ದ ಮಾತುಗಳೂ ಬದುಕಿ ಬಂದಿವೆ. ಓದು ಬಾರದವರೂ ಆ ಮಾತನ್ನು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ನಿದ್ದೆಗಣ್ಣಿನ, ದಣಿದ, ದುಡ್ಡು ಕೊಟ್ಟು ಕೂತ ಪ್ರೇಕ್ಷಕರನ್ನು ಹಿಡಿದಿಡಬೇಕಾದ ನಾಟಕದ ಭಾಷೆ ಹೇಗಿರಬೇಕಾಗುತ್ತದೆ ಎಂಬುದು ಗಂಭೀರ ಸಾಹಿತ್ಯದ ಪ್ರಶ್ನೆ. ಅದಕ್ಕೆ ಉತ್ತರ ಗ್ರಂಥಾಲಯದಲ್ಲಿ ಸಿಗದು. ಆ ತಗಡಿನ ಕೆಳಗೆ, ಜಾತ್ರೆ ಮಾಡಲು ಬಂದವರ ಪಕ್ಕದಲ್ಲಿ ಕೂತರೆ ಸಿಕ್ಕೀತು.

ಮೂರನೆಯ ದಂಡೆ ಆಲಮಟ್ಟಿಯದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಜಲಾಶಯ ಅದು, ಅವರದೇ ಹೆಸರು ಹೊತ್ತಿದೆ. ಅಣೆಕಟ್ಟೆಯ ಬದಿಯಲ್ಲಿ ರಾಕ್ ಗಾರ್ಡನ್, ಮೊಘಲ್ ಗಾರ್ಡನ್, ಸಂಗೀತ ಕಾರಂಜಿ ಇವೆ. ಯೋಜನೆ ಹಾಕಿ, ನಕ್ಷೆ ಬರೆದು, ಟಿಕೆಟು ಇಟ್ಟು ಮಾಡಿದ ವಿಹಾರತಾಣ. ಬಾಗಲಕೋಟೆ, ಬಾದಾಮಿ, ಹುನಗುಂದದ ಶಾಲಾಮಕ್ಕಳ ಪ್ರವಾಸದ ಪಟ್ಟಿಯಲ್ಲಿ ಅದು ಇರಲೇಬೇಕು. ಸಂಜೆ ದೀಪ ಹತ್ತಿದಾಗ ಬಣ್ಣದ ನೀರು ಹಾಡಿಗೆ ಕುಣಿಯುತ್ತದೆ, ಮಕ್ಕಳು ಕೂಗುತ್ತವೆ. ಆ ಖುಷಿ ಸುಳ್ಳಲ್ಲ.

ಆದರೆ ಆ ನೀರಿನ ಇನ್ನೊಂದು ದಂಡೆ ಬಾಗಲಕೋಟೆಯಲ್ಲಿದೆ. 519.6 ಮೀಟರಿನವರೆಗೆ ನಿಲ್ಲುವ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದೆ ಸರಿದು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿತು. ಸುತ್ತಲಿನ ಹಳ್ಳಿಗಳನ್ನೂ, ಫಲವತ್ತಾದ ಹೊಲಗಳನ್ನೂ ಬಿಡಲಿಲ್ಲ. ಜನ ನವನಗರಕ್ಕೆ ಎದ್ದು ಹೋದರು. ಅಲ್ಲಿ ಓಣಿಯ ಹೆಸರಿನ ಬದಲು ಸೆಕ್ಟರಿನ ಸಂಖ್ಯೆ ಬಂತು. ಅಣೆಕಟ್ಟೆಯ ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆ ಇದೆ, ಹಾಗಾದರೆ ಮತ್ತಷ್ಟು ಊರುಗಳು ಏಳಬೇಕು. ‘ಕೆರೆಗೆ ಹಾರ’ದ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ: ನೀರು ಬಂತು, ಬೆಲೆ ತೆತ್ತವರು ಯಾರು? ಜನಪದ ಕವಿ ಆ ಪ್ರಶ್ನೆಯನ್ನು ಬಿಟ್ಟು ಕೆರೆಯ ಸೊಬಗನ್ನು ಹಾಡಲಿಲ್ಲ. ಶರಾವತಿಯ ಬಗ್ಗೆ ನಾ. ಡಿಸೋಜ ಅವರು ಬರೆದ ‘ಮುಳುಗಡೆ’, ‘ದ್ವೀಪ’ ಕೂಡ ಅದನ್ನು ಬಿಟ್ಟಿಲ್ಲ. ಉದ್ಯಾನ ಮಾತ್ರ ಅದನ್ನು ಬಿಡಬಲ್ಲುದು, ಏಕೆಂದರೆ ಅಲ್ಲಿ ನೀರು ಮರೆಯುವುದಕ್ಕಾಗಿಯೇ ಕುಣಿಯುತ್ತಿದೆ. ಸಂಗೀತ ಕಾರಂಜಿಯ ಪಕ್ಕದಲ್ಲಿ ಮುಳುಗಿದ ಊರುಗಳ ಹೆಸರು ಕೆತ್ತಿದ ಒಂದು ಕಲ್ಲು ಇದ್ದಿದ್ದರೆ ಮಕ್ಕಳ ಖುಷಿಗೆ ಏನೂ ಕೊರತೆಯಾಗುತ್ತಿರಲಿಲ್ಲ. ಈ ಸೀಮೆಯಲ್ಲಿ ಬಂಡೆಯ ಮೇಲೆ ಬರೆಯುವುದು ಹೊಸ ಅಭ್ಯಾಸವೇನಲ್ಲ.

ಇಲ್ಲಿಯವರೆಗಿನ ಮಾತು ಕೇಳಿದರೆ ಹಳೆಯ ಹೊಂಡ ಒಳ್ಳೆಯದು, ಹೊಸ ಉದ್ಯಾನ ಕೆಟ್ಟದ್ದು ಎಂದು ತೀರ್ಪು ಕೊಟ್ಟಂತೆ ಕಾಣಬಹುದು. ಅಷ್ಟು ಸುಲಭದ ತೀರ್ಪು ಇಲ್ಲಿ ಸಲ್ಲದು. ನಮ್ಮ ದೇಶದಲ್ಲಿ ಕೆರೆ, ಹೊಂಡಗಳ ಚರಿತ್ರೆಯೆಂದರೆ ಯಾರು ಮೆಟ್ಟಿಲಿಳಿಯಬಹುದು, ಯಾರು ಇಳಿಯಬಾರದು ಎಂಬುದರ ಚರಿತ್ರೆಯೂ ಹೌದು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ಮಹಾಡಿನ ಚವದಾರ್ ಕೆರೆಗೆ ನಡೆದುಹೋಗಿ ಬೊಗಸೆ ನೀರು ಕುಡಿಯಬೇಕಾಯಿತು. ಆ ಕೆರೆ ಕಾಗದದ ಮೇಲೆ ಅಷ್ಟು ಹೊತ್ತಿಗಾಗಲೇ ಎಲ್ಲರಿಗೂ ತೆರೆದಿತ್ತು. ನಮ್ಮ ಪಕ್ಕದ ಮುದ್ದೇಬಿಹಾಳದವರಾದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಓದಿದವರಿಗೆ ‘ಎಲ್ಲರೂ’ ಎಂಬ ಮಾತಿನ ಒಳಗೆ ಯಾರು ಯಾರು ಇರುತ್ತಿರಲಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಜಾತ್ರೆಯಲ್ಲಿ ಎಲ್ಲರೂ ಒಂದು ಎಂದು ನಾವು ಹಾಡಿಕೊಳ್ಳುವ ಮಾತು ಎಲ್ಲ ಕಾಲಕ್ಕೂ ನಿಜವಾಗಿರಲಿಲ್ಲ. ‘ಮಾಡುವ’ ದಂಡೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಪಾಲು ಇತ್ತು, ಹಾಗೆಯೇ ಪ್ರತಿಯೊಬ್ಬರಿಗೂ ಒಂದು ಗೆರೆ ಇತ್ತು.

ಉದ್ಯಾನಕ್ಕೆ ಆ ಗೆರೆಯಿಲ್ಲ. ಟಿಕೆಟು ಕೊಡುವವನು ನಿಮ್ಮ ಕೇರಿ ಯಾವುದೆಂದು ಕೇಳುವುದಿಲ್ಲ. ಹರಕೆ, ನೆಪ, ಜೊತೆಗಾರ ಯಾವುದೂ ಇಲ್ಲದೆ ಒಬ್ಬ ಹುಡುಗಿ ನೀರಿನ ಎದುರು ಕಲ್ಲುಬೆಂಚಿನ ಮೇಲೆ ಸುಮ್ಮನೆ ಕೂತುಕೊಳ್ಳಬಹುದಾದ ಜಾಗ ನಮ್ಮ ಊರುಗಳಲ್ಲಿ ಎಷ್ಟಿವೆ? ಹೊಂಡದ ಮೆಟ್ಟಿಲ ಮೇಲೆ ಅವಳು ಕೂತರೆ ಯಾರ ಮನೆಯವಳು, ಯಾಕೆ ಬಂದಳು ಎಂಬ ವಿಚಾರಣೆ ಹತ್ತು ನಿಮಿಷದಲ್ಲಿ ಶುರುವಾಗುತ್ತದೆ. ‘ನೋಡುವುದು’ ಎಂಬ ಕ್ರಿಯಾಪದದಲ್ಲಿ ಈ ಬಿಡುಗಡೆಯೂ ಇದೆ. ಮುಟ್ಟಗೊಡದ ನೀರಿನ ನೆನಪು ಇರುವವರಿಗೆ ದುಡ್ಡು ಕೊಟ್ಟು ಸರೀಕರಂತೆ ನೋಡುವುದು ಸಣ್ಣ ಸಂಗತಿಯಲ್ಲ. ಹೊಂಡವನ್ನು ಕೊಂಡಾಡುವ ನಮ್ಮ ಬರಹಗಳು, ಇದೂ ಸೇರಿ, ಈ ಸಂಗತಿಯನ್ನು ಎದುರಿಸದೆ ಮುಂದೆ ಹೋಗಬಾರದು.

ಹಾಗಾದರೆ ಒಂದು ದಂಡೆಯನ್ನು ಅಳೆಯುವ ಮಾನದಂಡ ಯಾವುದು? ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಬೇಕು. ಇಲ್ಲಿಗೆ ಬಂದವರು ತಾವು ಯಾರೆಂದು ಹೇಳದೆ ಇರಬಹುದೇ? ಇಲ್ಲಿಗೆ ಬಂದವರಿಗೆ ನೋಡುವುದನ್ನು ಬಿಟ್ಟು ಬೇರೆ ಕೆಲಸವಿದೆಯೇ? ಉದ್ಯಾನ ಮೊದಲನೆಯದಕ್ಕೆ ಹೌದು ಎನ್ನುತ್ತದೆ, ಎರಡನೆಯದಕ್ಕೆ ಇಲ್ಲ ಎನ್ನುತ್ತದೆ. ಹೊಂಡ ಎರಡನೆಯದಕ್ಕೆ ಹೌದು, ಮೊದಲನೆಯದಕ್ಕೆ ತಡವರಿಸುತ್ತದೆ. ಅಗಸ್ತ್ಯ ತೀರ್ಥದಂಥ ಜಾಗಕ್ಕೆ ಎರಡಕ್ಕೂ ಹೌದು ಎನ್ನುವ ಅವಕಾಶವಿದೆ. ಅದು ಊರಿನ ಕೆರೆಯೂ ಹೌದು, ನಾಡಿನ ಸ್ಮಾರಕವೂ ಹೌದು. ಅಂಥ ಕಡೆ ‘ಅಭಿವೃದ್ಧಿ’ ಎಂಬ ಮಾತು ಬಂದಾಗ ಮೊದಲು ಬೇಲಿ ಬರುತ್ತದೆ, ಆಮೇಲೆ ಹುಲ್ಲುಹಾಸು ಬರುತ್ತದೆ, ಒಗೆಯುವವರು ಎಲ್ಲಿಗೆ ಹೋಗಬೇಕೆಂಬುದು ಕೊನೆಗೂ ಬರುವುದಿಲ್ಲ. ಸ್ಮಾರಕದ ರಕ್ಷಣೆ ಬೇಕು, ನೀರು ಶುದ್ಧವಾಗಿರಬೇಕು, ಇದರಲ್ಲಿ ಎರಡು ಮಾತಿಲ್ಲ. ಒಗೆಯಲು ಬೇರೆ ಕಟ್ಟೆ, ಅದಕ್ಕೊಂದು ನಲ್ಲಿ, ಹೊಲಸು ನೀರು ಕೆರೆಗೆ ಸೇರದಂತೆ ಒಂದು ಗಟಾರು ಮಾಡಿಕೊಟ್ಟರೆ ರಕ್ಷಣೆಗೂ ಬದುಕಿಗೂ ಜಗಳವಿಲ್ಲ. ಕಲ್ಲಿನ ಗುಹೆಗೆ ಮನೆಯೆಂದು ಹೆಸರಿಟ್ಟ ಊರಿನಲ್ಲಿ ಇಷ್ಟು ಯೋಚಿಸುವುದು ಕಷ್ಟವಾಗಬಾರದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಲ್ಲಿ ಪಾಲಿದೆ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿತು, ದಂಡೆಯ ಹಳ್ಳಿಗಳು ಮುಳುಗಿದವು. ಪತ್ರಿಕೆಗಳಲ್ಲಿ ಹೆಚ್ಚಾಗಿ ಕಂಡದ್ದು ನೀರಿನಲ್ಲಿ ನಿಂತ ಗುಡಿಗಳ ಚಿತ್ರ. ಆ ಚಿತ್ರ ಸುಂದರವಾಗಿತ್ತು ಎನ್ನುವುದೇ ಅದರ ತೊಡಕು. ನೋಡುವವರ ಕಣ್ಣಿಗೆ ನೆರೆ ಕೂಡ ದೃಶ್ಯವಾಗುತ್ತದೆ. ಅದೇ ನೆರೆಯನ್ನು ದಂಡೆಯವರು ಯಾವ ಮಾತಿನಲ್ಲಿ ಹೇಳಿಕೊಂಡರು, ಯಾವ ಹಾಡು ಕಟ್ಟಿದರು, ಮುಂದಿನ ಜಾತ್ರೆಯಲ್ಲಿ ಯಾವ ಕಂಪನಿಯ ಹಾಸ್ಯಗಾರ ಅದನ್ನು ಮಾತಿಗೆ ತಂದ ಎಂಬುದನ್ನು ಕೂತು ಬರೆದುಕೊಳ್ಳುವ ಕೆಲಸ ಹಾಗೆಯೇ ಉಳಿದಿದೆ. ಜನವರಿಯಲ್ಲಿ ಬಾದಾಮಿಗೆ ಹೋಗುವವರು ಗುಹೆ ಇಳಿದ ಮೇಲೆ ತಟ್ಟುಕೋಟೆಯ ಕಡೆಗೊಮ್ಮೆ ನಡೆಯಲಿ, ಕಿಸೆಯಲ್ಲಿ ಶಾಸನದ ಪಾಠ ಇರಲಿ. ಅಲ್ಲಿಂದ ಚೊಳಚಗುಡ್ಡಕ್ಕೆ ಹೋಗಿ, ಬುಟ್ಟಿಯ ಮುಂದೆ ಕೂತು ರೊಟ್ಟಿ ಉಂಡು, ರಾತ್ರಿಯ ಕೊನೆಯ ನಾಟಕಕ್ಕೆ ಟಿಕೆಟು ತೆಗೆಸಲಿ. ಊರಿಗೆ ಮರಳಿದ ಮೇಲೆ ಬರೆಯಲು ಕೂತಾಗ, ಬಾದಾಮಿ ನೋಡಿ ಬಂದೆ ಎಂದು ಬರೆಯಬೇಕೋ ಜಾತ್ರೆ ಮಾಡಿ ಬಂದೆ ಎಂದು ಬರೆಯಬೇಕೋ ಎಂಬುದು ಮೊದಲ ವಾಕ್ಯದಲ್ಲೇ ತೀರ್ಮಾನವಾಗಬೇಕಾಗುತ್ತದೆ.